ಗಂಗಾಮೂಲದಿಂದ ಕೇಡಗಾಂವಕ್ಕೆ: ಪಂಡಿತಾ ರಮಾಬಾಯಿಯವರ ಬಾಳಿನಲ್ಲಿ ಕೈಗೆಲಸದ ಅರ್ಥ

ಪಿಂಪ್ರಿ-ಚಿಂಚವಾಡದಲ್ಲಿ ನೆಲೆಸಿರುವ ಕನ್ನಡಿಗರಲ್ಲಿ ಅನೇಕರು ವರ್ಷಕ್ಕೊಮ್ಮೆಯಾದರೂ ಸೊಲ್ಲಾಪುರದ ಮಾರ್ಗವಾಗಿ ತಮ್ಮ ಊರುಗಳಿಗೆ ಹೋಗಿಬರುವವರು. ಗಾಡಿಯು ಪುಣೆಯನ್ನು ಬಿಟ್ಟ ಮೇಲೆ, ದೌಂಡ್ ಜಂಕ್ಷನ್ನಿಗೆ ಮುನ್ನ, ಕೇಡಗಾಂವವೆಂಬ ಸಣ್ಣ ನಿಲ್ದಾಣವೊಂದು ಕಿಟಕಿಯಾಚೆ ಕಾಣಿಸಿ ಮರೆಯಾಗುತ್ತದೆ. ಊರಿಗೆ ಹೋಗುವ ಆತುರದಲ್ಲಿ ಅದನ್ನು ಗಮನಿಸುವವರು ವಿರಳ. ಆದರೆ ಆ ನಿಲ್ದಾಣದ ಸಮೀಪದಲ್ಲಿರುವ ಮುಕ್ತಿ ಸದನವನ್ನು ಕಟ್ಟಿದಾಕೆ ಹುಟ್ಟಿದ್ದು ಕನ್ನಡ ನಾಡಿನ ಪಶ್ಚಿಮ ಘಟ್ಟದ ಕಾಡಿನಲ್ಲಿ. ಆಕೆಯ ಮಗಳು 1912ರ ಹೊತ್ತಿಗೆ ಹೆಣ್ಣುಮಕ್ಕಳ ಶಾಲೆಯೊಂದನ್ನು ತೆರೆಯಲು ನೆರವಾದದ್ದು ಅದೇ ರೈಲುದಾರಿಯ ಮುಂದಿನ ತುದಿಯಲ್ಲಿರುವ ಕಲಬುರ್ಗಿಯಲ್ಲಿ. ಹೀಗೆ ಪುಣೆಯ ಕನ್ನಡಿಗರ ನಿತ್ಯಪರಿಚಯದ ದಾರಿಯೊಂದರ ಮೇಲೆಯೇ ಪಂಡಿತಾ ರಮಾಬಾಯಿಯವರ ಬಾಳಿನ ಕೊನೆಯ ಅಂಕವು ನಡೆದಿದೆ.

ರಮಾಬಾಯಿಯವರನ್ನು ಸಂಸ್ಕೃತ ವಿದುಷಿಯೆಂದೋ, ವಿಧವೆಯರ ಉದ್ಧಾರಕಿಯೆಂದೋ, ಮತಾಂತರದ ವಿವಾದಕ್ಕೆ ಸಿಲುಕಿದವರೆಂದೋ ನಮ್ಮ ಚರಿತ್ರೆಯ ಗ್ರಂಥಗಳು ಸ್ಮರಿಸುತ್ತವೆ. ಈ ಮೂರೂ ನಿಜವೇ. ಆದರೆ ಆಕೆಯ ಬಾಳನ್ನು ಮೊದಲಿನಿಂದ ಕಡೆಯವರೆಗೆ ಒಂದೇ ಎಳೆಯಾಗಿ ಹೊಲಿದಿರುವ ಪ್ರಶ್ನೆ ಬೇರೊಂದಿದೆ: ಬೀಸುವುದು, ಅಡಿಗೆ ಮಾಡುವುದು, ಒಗೆಯುವುದು, ನೇಯುವುದು, ರೋಗಿಯ ಮೈ ತೊಳೆಯುವುದು, ಇಂತಹ ದಿನದಿನದ ಕೈಗೆಲಸಕ್ಕೆ ಮಾನವೆಲ್ಲಿಂದ ಬರುತ್ತದೆ? ಈ ಪ್ರಶ್ನೆಗೆ ಆಕೆ ಕಂಡುಕೊಂಡ ಉತ್ತರವು ಕ್ರೈಸ್ತಶ್ರದ್ಧೆಯಿಂದ ಬಂದದ್ದು; ಆದರೆ ಪ್ರಶ್ನೆಯು ಹುಟ್ಟಿದ್ದು ಆ ಶ್ರದ್ಧೆಗಿಂತ ಬಹು ಮುಂಚೆ, ಹಸಿವಿನಲ್ಲಿ.

ಆಕೆಯ ತಂದೆ ಅನಂತಶಾಸ್ತ್ರಿ ಡೋಂಗ್ರೆಯವರು ಕಾರ್ಕಳದ ಬಳಿಯ ಮಾಳ ಗ್ರಾಮದ ಮನೆತನದವರು. ವಿದ್ಯಾರ್ಥಿದೆಸೆಯಲ್ಲಿ ಪುಣೆಗೆ ಬಂದು ರಾಮಚಂದ್ರಶಾಸ್ತ್ರಿ ಸಾಠೆಯವರ ಶಿಷ್ಯರಾದರು. ಆ ಗುರುಗಳು ಎರಡನೆಯ ಬಾಜೀರಾಯ ಪೇಶ್ವೆಯ ಅರಮನೆಯಲ್ಲಿ ರಾಣೀವಾಸಕ್ಕೆ ಪಾಠ ಹೇಳುತ್ತಿದ್ದವರು. ಹೆಂಗಸೊಬ್ಬಳು ಸಂಸ್ಕೃತ ಶ್ಲೋಕಗಳನ್ನು ಪಠಿಸುವುದನ್ನು ಅಲ್ಲಿ ಕೇಳಿದ ತರುಣ ಅನಂತಶಾಸ್ತ್ರಿಗಳಿಗೆ ತಮ್ಮ ಹೆಂಡತಿಗೂ ಈ ವಿದ್ಯೆಯನ್ನು ಕಲಿಸಬೇಕೆಂಬ ಸಂಕಲ್ಪ ಹುಟ್ಟಿತು. ಮೊದಲ ಪತ್ನಿಯ ವಿಷಯದಲ್ಲಿ ಮನೆಯವರ ವಿರೋಧದಿಂದ ಅದು ಕೈಗೂಡಲಿಲ್ಲ. ಆಕೆ ತೀರಿಕೊಂಡ ಮೇಲೆ ಕೈಹಿಡಿದ ಲಕ್ಷ್ಮೀಬಾಯಿಯವರಿಗೆ ಅವರು ಸಂಸ್ಕೃತವನ್ನು ಹೇಳಿಕೊಟ್ಟರು. ಇದಕ್ಕಾಗಿ ಪಂಡಿತಮಂಡಲಿಯ ಮುಂದೆ ಶಾಸ್ತ್ರಾಧಾರಗಳನ್ನು ಒಡ್ಡಿ ತಮ್ಮನ್ನು ಸಮರ್ಥಿಸಿಕೊಳ್ಳಬೇಕಾಯಿತು. ಕಡೆಗೆ ಜನವಸತಿಯನ್ನು ತೊರೆದು ಗಂಗಾಮೂಲದ ಕಾಡಿನಲ್ಲಿ ಆಶ್ರಮ ಮಾಡಿಕೊಂಡರು. ತುಂಗೆ, ಭದ್ರೆ, ನೇತ್ರಾವತಿಯರು ಹುಟ್ಟುವ ಆ ತಾಣದಲ್ಲಿ 1858ರ ಏಪ್ರಿಲ್ 23ರಂದು ರಮಾ ಜನಿಸಿದಳು. ಪುಣೆಯಲ್ಲಿ ಮೂಡಿದ ಸಂಕಲ್ಪವೊಂದು ಕನ್ನಡ ನಾಡಿನ ಕಾಡಿನಲ್ಲಿ ಫಲಿಸಿತೆಂದರೆ ತಪ್ಪಾಗಲಾರದು.

ಮಗು ಹುಟ್ಟಿ ಕೆಲವೇ ತಿಂಗಳಲ್ಲಿ ಆಶ್ರಮ ಮುರಿಯಿತು. ಅತಿಥಿಗಳಿಗೂ ಶಿಷ್ಯರಿಗೂ ಅನ್ನವಿಕ್ಕಿ ಆಸ್ತಿ ಕರಗಿತ್ತು. ಶಿಶುವನ್ನು ಬೆತ್ತದ ಪೆಟ್ಟಿಗೆಯಲ್ಲಿ ಮಲಗಿಸಿ ಆಳಿನ ತಲೆಯ ಮೇಲೆ ಹೊರಿಸಿಕೊಂಡು ಕುಟುಂಬವು ಯಾತ್ರೆಗೆ ಹೊರಟಿತು. ಮುಂದೆ ಹದಿನಾರು ವರ್ಷ ಅವರಿಗೆ ನಿಂತ ನೆಲವಿರಲಿಲ್ಲ. ದೇವಾಲಯದ ಜಗುಲಿಯಲ್ಲಿ, ಹೊಳೆಯ ಘಟ್ಟದಲ್ಲಿ ಪುರಾಣವನ್ನು ಓದುವುದು, ಕೇಳಿದ ಭಕ್ತರು ಇಟ್ಟ ದಕ್ಷಿಣೆ, ಅಕ್ಕಿ, ಹಣ್ಣುಗಳಿಂದ ಜೀವಿಸುವುದು, ಇದೇ ವೃತ್ತಿಯಾಯಿತು. ಮಗಳಿಗೆ ತಾಯಿಯೇ ಗುರುವಾದಳು. ಸಾವಿರಾರು ಶ್ಲೋಕಗಳು ಬಾಯಿಗೆ ಬಂದವು. ಮನೆಮಾತು ಮರಾಠಿಯೊಡನೆ ಕನ್ನಡ, ಹಿಂದೂಸ್ಥಾನಿ, ಮುಂದೆ ಬಂಗಾಳಿ ಇವೂ ದಾರಿಯಲ್ಲಿ ಕೂಡಿಕೊಂಡವು. ಲೋಕವ್ಯವಹಾರದ ಕೆಲಸವೊಂದನ್ನೂ ಮಾತ್ರ ಮನೆಯಲ್ಲಿ ಯಾರೂ ಕಲಿತಿರಲಿಲ್ಲ.

1870ರ ದಶಕದ ಕ್ಷಾಮವು ಈ ಕುಟುಂಬವನ್ನು ಹಿಡಿದದ್ದು ಹೀಗಿರುವಾಗ. ಹಣ ತೀರಿತು, ಒಡವೆ ತೀರಿತು, ಪಾತ್ರೆ ಬಟ್ಟೆಗಳು ತೀರಿದವು. ಆಗಿನ ಸ್ಥಿತಿಯನ್ನು ರಮಾಬಾಯಿಯವರು 1897ರಲ್ಲಿ ತಮ್ಮ ಕ್ಷಾಮಾನುಭವಗಳನ್ನು ಬರೆಯುವಾಗ ಮುಚ್ಚುಮರೆಯಿಲ್ಲದೆ ಹೇಳಿಕೊಂಡಿದ್ದಾರೆ. ಮೇಲುಜಾತಿಯ ಅನೇಕ ಬಡವರಂತೆ ತಮಗೂ ಬೇಡುವುದಕ್ಕೆ ಅಭಿಮಾನ ಅಡ್ಡಬಂದಿತು. ಕೂಲಿಗೆ ಹೋಗುವುದಕ್ಕೂ ಅದೇ ಅಭಿಮಾನ ಅಡ್ಡಬಂದಿತು. ಮಾನವಾಗಿ ದುಡಿದು ಉಣ್ಣುವ ಬೇರೆ ಉಪಾಯವು ತಿಳಿದೇ ಇರಲಿಲ್ಲ ಎಂಬುದು ಅದರ ಸಾರಾಂಶ. ತಿರುಪತಿಯ ಕಡೆಯ ಕಾಡಿನಲ್ಲಿ ಹನ್ನೊಂದು ದಿನ ನೀರು, ಎಲೆ, ಒಂದಿಷ್ಟು ಕಾಡುಹಣ್ಣು ಇವುಗಳಿಂದಲೇ ಜೀವ ಹಿಡಿದುಕೊಂಡಿದ್ದರು. ಕಣ್ಣು ಮಸುಕಾಗಿದ್ದ ವೃದ್ಧ ತಂದೆ ಜಲಸಮಾಧಿಯೇ ಗತಿಯೆಂದು ನಿಶ್ಚಯಿಸಿದರು. ಆಗ ಅಣ್ಣ ಶ್ರೀನಿವಾಸನು ಒಂದು ಮಾತು ಹೇಳಿದನು: ಜಾತಿಯ ಅಭಿಮಾನದಿಂದ ಇನ್ನು ಪ್ರಯೋಜನವಿಲ್ಲ, ಅದನ್ನು ಬಿಟ್ಟು ಯಾವ ಕೆಲಸವಾದರೂ ಮಾಡಿ ತಂದೆತಾಯಿಗಳನ್ನು ಸಾಕುತ್ತೇನೆ ಎಂದು. ಆ ಕುಟುಂಬದ ಇತಿಹಾಸದಲ್ಲಿ ಇದು ಹೊಸ ಮಾತು. ಆದರೆ ತಡವಾಗಿತ್ತು. 1874ರಲ್ಲಿ ತಂದೆ ತೀರಿಕೊಂಡರು, ಕೆಲವೇ ವಾರಗಳಲ್ಲಿ ತಾಯಿ, ಅನಂತರ ಅಕ್ಕ. ಉಳಿದ ಅಣ್ಣತಂಗಿಯರು ಕಾಲ್ನಡಿಗೆಯಲ್ಲಿ ಉತ್ತರ ಹಿಂದೂಸ್ಥಾನವನ್ನು ಸುತ್ತಿ, ಪಂಜಾಬಿನ ಹೊಳೆಯ ದಂಡೆಯಲ್ಲಿ ಛಳಿಗೆ ಮರಳನ್ನು ತೋಡಿ ಅದರೊಳಗೆ ಮಲಗಿ, 1878ರಲ್ಲಿ ಕಲಕತ್ತೆಯನ್ನು ಸೇರಿದರು. ಅಲ್ಲಿನ ಪಂಡಿತರು ಇಪ್ಪತ್ತು ವರ್ಷದ ಆ ತರುಣಿಗೆ ಪಂಡಿತಾ ಎಂದೂ ಸರಸ್ವತಿ ಎಂದೂ ಬಿರುದುಗಳನ್ನಿತ್ತರು.

ಈ ಬಿರುದುಗಳನ್ನು ಎಲ್ಲ ಚರಿತ್ರಕಾರರೂ ಎತ್ತಿ ಹೇಳುತ್ತಾರೆ. ಆದರೆ ಅವನ್ನು ಪಡೆದವಳ ಮನಸ್ಸಿನಲ್ಲಿ ಇನ್ನೊಂದು ಲೆಕ್ಕವೂ ಇದ್ದಿರಬೇಕು. ಸಾವಿರಾರು ಶ್ಲೋಕಗಳನ್ನು ಬಲ್ಲ ಮನೆಯೊಂದು, ಒಂದು ಮಗ್ಗವನ್ನೋ ಒಂದು ಸನಿಕೆಯನ್ನೋ ಹಿಡಿಯಲಾರದೆ ಸತ್ತಿತ್ತು. ಕೇಡಗಾಂವದಲ್ಲಿ ಮುಂದೆ ಪ್ರತಿಯೊಬ್ಬ ಹುಡುಗಿಯೂ ಅಕ್ಷರದೊಡನೆ ಒಂದು ಕಸುಬನ್ನು ಕಲಿಯಲೇಬೇಕೆಂಬ ನಿಯಮವು ಬಂದದ್ದು ಬರಿಯ ಪಾಶ್ಚಾತ್ಯ ಶಿಕ್ಷಣಪದ್ಧತಿಯ ಅನುಕರಣದಿಂದ ಎನ್ನುವವರು ಈ ಹನ್ನೊಂದು ದಿನಗಳನ್ನು ಮರೆಯುತ್ತಾರೆ.

1880ರಲ್ಲಿ ಅಣ್ಣನೂ ತೀರಿಕೊಂಡನು. ಅದೇ ವರ್ಷ ಬಿಪಿನ್ ಬಿಹಾರಿ ಮೇಧಾವಿಯೆಂಬ ಬಂಗಾಳಿ ವಕೀಲರನ್ನು ಅವರು ಮದುವೆಯಾದರು. 1881ರಲ್ಲಿ ಮಗಳು ಮನೋರಮೆ ಹುಟ್ಟಿದಳು. 1882ರ ಫೆಬ್ರವರಿಯಲ್ಲಿ ಪತಿಯು ವಾಂತಿಭೇದಿಯಿಂದ ಮರಣ ಹೊಂದಿದರು. ಇಪ್ಪತ್ತನಾಲ್ಕು ತುಂಬುವ ಮೊದಲೇ ವಿಧವೆಯಾದ ರಮಾಬಾಯಿಯವರು ಕೈಗೂಸಿನೊಡನೆ ಪುಣೆಗೆ ಬಂದು ಆರ್ಯ ಮಹಿಳಾ ಸಮಾಜವನ್ನು ಸ್ಥಾಪಿಸಿದರು. 1883ರಲ್ಲಿ ಇಂಗ್ಲೆಂಡಿಗೆ ಪ್ರಯಾಣ ಮಾಡಿ ವಾಂಟೇಜ್ ಎಂಬ ಊರಿನ ಆಂಗ್ಲಿಕನ್ ಸನ್ಯಾಸಿನಿಯರ ಆಶ್ರಯದಲ್ಲಿ ನಿಂತರು.

ಆಕೆಯ ಮತಪರಿವರ್ತನೆಯ ಪ್ರಸಂಗವನ್ನು ಇಲ್ಲಿ ಸ್ವಲ್ಪ ನಿಧಾನವಾಗಿ ನೋಡಬೇಕಾಗಿದೆ. ವಾಂಟೇಜಿನ ಸನ್ಯಾಸಿನಿಯರು ಆಕೆಯನ್ನು ಲಂಡನ್ನಿನ ಫುಲಮ್ ಎಂಬಲ್ಲಿದ್ದ ತಮ್ಮ ಮನೆಗೆ ಕಳುಹಿಸಿದರು. ಸಮಾಜವು ಪತಿತೆಯರೆಂದು ಹೊರಗಿಟ್ಟ ಹೆಂಗಸರನ್ನು ಇರಿಸಿಕೊಂಡು ಸಲಹುತ್ತಿದ್ದ ಮನೆಯದು. ಹಾಗೆ ಹೊರಗಿಡಲ್ಪಟ್ಟಿದ್ದ ಕೆಲವರು ಈಗ ಅಲ್ಲಿಯೇ ಇತರರ ಸೇವೆಯಲ್ಲಿ ತೊಡಗಿದ್ದರು. ಇಂತಹವರ ಮೇಲೆ ಈ ಮಂದಿಗೆ ಇಷ್ಟು ಅಕ್ಕರೆ ಏಕೆಂದು ರಮಾಬಾಯಿ ಕೇಳಿದಾಗ, ಉತ್ತರವಾಗಿ ಅವರಿಗೆ ಯೋಹಾನನ ಸುವಾರ್ತೆಯಿಂದ ಸಮಾರ್ಯದ ಹೆಂಗಸಿನ ಕಥೆಯನ್ನು ಓದಿ ತಿಳಿಸಲಾಯಿತು. ಬಾವಿಯ ಬಳಿಗೆ ನೀರು ಸೇದಲು ಬಂದ ಹೆಂಗಸು ಆಕೆ. ಯೇಸುವು ಆಕೆಯೊಡನೆ ದೇವರ ವಿಷಯವನ್ನು ಮಾತಾಡಿದ್ದು ಗುಡಿಯಲ್ಲಲ್ಲ, ಕೊಡ ಹಿಡಿದು ನಿಂತ ನಡುಹಗಲಿನಲ್ಲಿ. ವಾದಗ್ರಂಥಗಳು ಮಾಡದಿದ್ದುದನ್ನು ಈ ಎರಡು ಸಂಗತಿಗಳು, ಎಂದರೆ ಕಣ್ಣಾರೆ ಕಂಡ ಕೆಲಸ ಮತ್ತು ಅದರ ಹಿಂದಿನ ಕಥೆ, ಮಾಡಿದವು. ತಮ್ಮ ಹಳೆಯ ಮತಕ್ಕೂ ಈ ಮತಕ್ಕೂ ಇರುವ ಭೇದವು ತಮಗೆ ಹೊಳೆದದ್ದು ಆ ಮನೆಯನ್ನು ನೋಡಿಬಂದ ಮೇಲೆ ಎಂದು ಅವರು 1907ರ ತಮ್ಮ ಆತ್ಮನಿವೇದನೆಯಲ್ಲಿ ಬರೆದಿದ್ದಾರೆ. 1883ರ ಸೆಪ್ಟೆಂಬರ್ 29ರಂದು ತಾಯಿಮಗಳಿಗೆ ದೀಕ್ಷಾಸ್ನಾನವಾಯಿತು.

ದೀಕ್ಷೆಯಾಯಿತೆಂದು ಆಕೆ ವಿಧೇಯ ಶಿಷ್ಯೆಯಾದರೆಂದು ತಿಳಿಯಬಾರದು. ಗುರುಸ್ಥಾನದಲ್ಲಿದ್ದ ಸೋದರಿ ಜೆರಾಲ್ಡೀನರೊಡನೆ ನಡೆದ ಪತ್ರವ್ಯವಹಾರವು ಜಗಳದಿಂದ ತುಂಬಿದೆ. ಶಿಲುಬೆಯ ಮೇಲಿನ ಲತೀನು ಬರಹ ಏಕೆ, ಸಂಸ್ಕೃತವಾದರೇನು ಎಂದು ವಾದಿಸಿದರು; ಕೊನೆಯವರೆಗೂ ಶಾಕಾಹಾರವನ್ನು ಬಿಡಲಿಲ್ಲ. ಮತಕ್ಕೆ ಸೇರಿದ್ದು 1883ರಲ್ಲಾದರೂ ಕ್ರಿಸ್ತನನ್ನು ನಿಜವಾಗಿ ಕಂಡುಕೊಂಡದ್ದು ಎಂಟು ವರ್ಷಗಳ ತರುವಾಯವೆಂದು ಅವರೇ ಹೇಳಿಕೊಂಡಿದ್ದಾರೆ.

ಆ ನಡುವೆ 1886ರಲ್ಲಿ ಅಮೇರಿಕಕ್ಕೆ ಹೋಗಿ, ಮರುವರ್ಷ ಮೇಲುಜಾತಿಯ ಹಿಂದೂ ಸ್ತ್ರೀಯರ ಸ್ಥಿತಿಯನ್ನು ಕುರಿತು ಇಂಗ್ಲಿಷ್ ಗ್ರಂಥವನ್ನು ಪ್ರಕಟಿಸಿ, ಬಾಸ್ಟನ್ನಿನಲ್ಲಿ ಸ್ಥಾಪಿತವಾದ ರಮಾಬಾಯಿ ಸಂಘದಿಂದ ಹತ್ತು ವರ್ಷಗಳ ಧನಸಹಾಯದ ಭರವಸೆಯನ್ನು ಪಡೆದು ಅವರು ಹಿಂದಿರುಗಿದರು. 1889ರ ಮಾರ್ಚ್ 11ರಂದು ಮುಂಬಯಿಯಲ್ಲಿ ಶಾರದಾ ಸದನ ತೆರೆಯಿತು. ಮರುವರ್ಷ ಪುಣೆಗೆ ಬಂದಿತು. ಮುಂದೆ ಮಹರ್ಷಿ ಧೋಂಡೋ ಕೇಶವ ಕರ್ವೆಯವರನ್ನು ಮದುವೆಯಾದ ಗೋದೂಬಾಯಿಯವರು ಈ ಸದನದ ಮೊದಲ ವಿಧವಾ ವಿದ್ಯಾರ್ಥಿನಿ. ಆ ಗ್ರಂಥದಲ್ಲಿ ರಮಾಬಾಯಿಯವರು ವಿಧವೆಯ ದಿನಚರಿಯನ್ನು ವರ್ಣಿಸಿರುವುದನ್ನು ನೋಡಿದರೆ ಸದನದ ಕೆಲಸದ ಸ್ವರೂಪವು ಅರ್ಥವಾಗುತ್ತದೆ. ತಲೆ ಬೋಳಿಸಿಕೊಂಡು, ಒಪ್ಪೊತ್ತು ಉಂಡು, ಮನೆಯ ದುಡಿಮೆಯನ್ನೆಲ್ಲ ಮಾಡುವವಳು ವಿಧವೆ. ಆಕೆಗೆ ಕೆಲಸದ ಕೊರತೆ ಎಂದೂ ಇರಲಿಲ್ಲ. ಆದರೆ ಆ ಕೆಲಸವು ಪೂರ್ವಜನ್ಮದ ಪಾಪಕ್ಕೆ ವಿಧಿಸಿದ ದಂಡವೆಂಬ ಭಾವನೆಯಿಂದ ಮಾಡಿಸಿಕೊಳ್ಳುವ ಕೆಲಸ. ಅದೇ ಬೀಸುವ ಕಲ್ಲು, ಅದೇ ಒಲೆ, ಅದೇ ಒಗೆಯುವ ಬಂಡೆ. ಅವುಗಳ ಮುಂದೆ ಕುಳಿತವಳನ್ನು ಅಪರಾಧಿಯೆಂದು ಭಾವಿಸುವುದೋ, ದೇವರು ಹೆಸರು ಹಿಡಿದು ಕರೆದವಳೆಂದು ಭಾವಿಸುವುದೋ, ಅಷ್ಟರಲ್ಲಿ ಎಲ್ಲವೂ ಅಡಗಿತ್ತು.

ಪುಣೆಯ ಸದನದಲ್ಲಿ ಮೊದಲು ಜಾತಿಯ ಕಟ್ಟಳೆಗಳಿಗೆ ಧಕ್ಕೆ ತರಲಿಲ್ಲ. ಹುಡುಗಿಯರು ತಮ್ಮ ಆಚಾರವನ್ನು ಪಾಲಿಸಬಹುದಾಗಿತ್ತು. ಆದರೆ ರಮಾಬಾಯಿಯವರು ಪ್ರಾರ್ಥನೆಗೆ ಕುಳಿತ ಕೋಣೆಯ ಬಾಗಿಲು ತೆರೆದೇ ಇರುತ್ತಿತ್ತು, ಬಂದವರು ಬಂದರು. ಕೆಲವರು ಮತಾಂತರಕ್ಕೆ ಒಲಿದಾಗ 1893ರಲ್ಲಿ ದೊಡ್ಡ ಕೋಲಾಹಲವೆದ್ದಿತು. ಕೇಸರಿ ಪತ್ರಿಕೆ ಕಟುವಾಗಿ ಟೀಕಿಸಿತು; ರಾನಡೆ, ಭಾಂಡಾರಕರ್ ಮೊದಲಾದ ಸುಧಾರಕರು ಸಲಹಾಮಂಡಲಿಯಿಂದ ಹೊರಬಂದರು; ಅನೇಕ ಪೋಷಕರು ಹುಡುಗಿಯರನ್ನು ಕರೆದೊಯ್ದರು. ವಿರೋಧಿಗಳ ಪಕ್ಷದಲ್ಲಿ ನ್ಯಾಯವೇ ಇರಲಿಲ್ಲವೆನ್ನುವುದು ಸಲ್ಲದು. ಮತನಿರಪೇಕ್ಷವೆಂದು ಸಾರಿದ ಸಂಸ್ಥೆಯ ಬಾಗಿಲು ಎಷ್ಟರಮಟ್ಟಿಗೆ ತೆರೆದಿರಬಹುದೆಂಬ ಪ್ರಶ್ನೆ ಅವರದು. ಆದರೆ ಅದೇ ಪುಣೆಯಲ್ಲಿ ಆ ವಿಧವೆಯರಿಗೆ ಬೇರೊಂದು ಬಾಗಿಲು ಎಷ್ಟು ತೆರೆದಿತ್ತೆಂಬುದನ್ನೂ ಕೇಳಬೇಕಾಗುತ್ತದೆ.

ಕೇಡಗಾಂವದ ನೆಲವನ್ನು ಅವರು ಕೊಂಡದ್ದು ಮೂಲತಃ ಲೆಕ್ಕಾಚಾರದ ದೃಷ್ಟಿಯಿಂದ. ಬಾಸ್ಟನ್ನಿನ ಹತ್ತು ವರ್ಷಗಳ ಸಹಾಯವು 1898ಕ್ಕೆ ಮುಗಿಯತಕ್ಕದ್ದು. ಅಷ್ಟರೊಳಗೆ ಸುಮಾರು ನೂರು ಎಕರೆ ಭೂಮಿಯಲ್ಲಿ ಬಾವಿ ತೋಡಿ, ಹಣ್ಣಿನ ಗಿಡಗಳನ್ನು ನೆಟ್ಟು, ಫಲದ ಆದಾಯದಿಂದ ಸದನವನ್ನು ನಡೆಸಬೇಕೆಂಬ ಯೋಜನೆ. ಬ್ರಿಸ್ಟಲ್ಲಿನ ಜಾರ್ಜ್ ಮುಲ್ಲರನಂತೆ ಯಾರನ್ನೂ ಯಾಚಿಸದೆ ಪ್ರಾರ್ಥನೆಯ ಬಲದಿಂದಲೇ ಸಂಸ್ಥೆಯನ್ನು ನಡೆಸುವ ಮಾರ್ಗಕ್ಕೆ ಮುಂದೆ ಅವರು ಒಲಿದರೆಂಬುದು ಪ್ರಸಿದ್ಧವಾಗಿದೆ. ಆದರೆ ಪ್ರಾರ್ಥನೆಯನ್ನು ನೆಚ್ಚಿದ ಈ ಮಹಿಳೆಯು ಮೊದಲು ಬಾವಿಯನ್ನು ತೋಡಿಸಿದರೆಂಬುದನ್ನೂ ಜೊತೆಗೇ ಹೇಳಬೇಕು. ಬರುವ ಹಣವು ನಿಂತ ಮೇಲೆ ಏನೆಂದು ಹತ್ತು ವರ್ಷ ಮೊದಲೇ ಯೋಚಿಸುವ ಸಂಸ್ಥೆಗಳು ಎಲ್ಲ ಕಾಲದಲ್ಲಿಯೂ ಅಪರೂಪ.

ಯೋಜನೆಯು ಕೈಗೂಡುವ ಮೊದಲೇ 1896-97ರ ಕ್ಷಾಮ ಬಂದಿತು. ಮಧ್ಯ ಪ್ರಾಂತದಿಂದ ಬರುತ್ತಿದ್ದ ವಾರ್ತೆಗಳು ಇಪ್ಪತ್ತು ವರ್ಷ ಹಿಂದಿನ ಕಾಡಿನ ದಿನಗಳನ್ನು ನೆನಪಿಗೆ ತಂದವು. ಮೇಲೆ ಹೇಳಿದ ಕ್ಷಾಮಾನುಭವದ ಬರಹವು ಆಗಿನದೇ. ಅವರು ತಾವಾಗಿ ಅಲ್ಲಿಗೆ ಹೋಗಿ ನೂರಾರು ಹುಡುಗಿಯರನ್ನೂ ಎಳೆಯ ವಿಧವೆಯರನ್ನೂ ಕರೆತಂದರು. ಪುಣೆಯಲ್ಲಿ ಆಗ ಪ್ಲೇಗು. ಹೊಸಬರನ್ನು ನಗರದಲ್ಲಿ ಇರಿಸಿಕೊಳ್ಳುವಂತಿರಲಿಲ್ಲ. ಪ್ಲೇಗಿನ ಶಿಬಿರಗಳಲ್ಲಿ ಹೆಂಗಸರಿಗೆ ನಡೆಯುತ್ತಿದ್ದ ಅನುಚಿತ ವರ್ತನೆಯನ್ನು ಕುರಿತು ರಮಾಬಾಯಿಯವರು ಬಹಿರಂಗವಾಗಿ ಬರೆದು ಸರ್ಕಾರದ ಅಸಮಾಧಾನಕ್ಕೂ ಪಾತ್ರರಾದರು. ಹೀಗಾಗಿ ಕೇಡಗಾಂವದ ಬಯಲಿನಲ್ಲಿ ಡೇರೆಗಳೆದ್ದವು. ಹಣ್ಣಿನ ತೋಟವಾಗಬೇಕಾಗಿದ್ದ ನೆಲ ಒಂದು ಊರಾಯಿತು. ಅದಕ್ಕೆ ಮುಕ್ತಿ ಎಂದು ಹೆಸರಿಟ್ಟರು. 1900ರ ಗುಜರಾತಿನ ಕ್ಷಾಮದ ತರುವಾಯ ಅಲ್ಲಿನ ನಿವಾಸಿಗಳ ಸಂಖ್ಯೆ ಒಂದೂವರೆ ಸಾವಿರದಿಂದ ಎರಡು ಸಾವಿರದವರೆಗೆ ಏರಿತು.

ಇಷ್ಟು ಜನರನ್ನು ಯಾರು ನೋಡಿಕೊಳ್ಳಬೇಕು? ಈ ಪ್ರಶ್ನೆಗೆ ದೊರೆತ ಉತ್ತರದಲ್ಲಿಯೇ ಮುಕ್ತಿಯ ವೈಶಿಷ್ಟ್ಯವಿದೆ. ಶಾರದಾ ಸದನದಲ್ಲಿ ಓದಿದ ಹುಡುಗಿಯರು, ಅವರಲ್ಲಿ ಹಲವರು ಬ್ರಾಹ್ಮಣ ಮನೆತನಗಳ ವಿಧವೆಯರು, ಕ್ಷಾಮದಿಂದ ಬಂದ ನಾನಾ ಜಾತಿಗಳ ಮಕ್ಕಳಿಗೆ ಉಪಾಧ್ಯಾಯಿನಿಯರೂ ಮೇಲ್ವಿಚಾರಕಿಯರೂ ಆದರು. ಬಂದವರಾದರೋ ಎಲುಬಿನ ಗೂಡುಗಳು. ಹುಣ್ಣು, ಜ್ವರ, ಆಮಶಂಕೆಗಳಿಂದ ನರಳುತ್ತಿದ್ದವರು. ಅಂಥವರನ್ನು ಮುಟ್ಟಿ ಉಪಚರಿಸಿ, ಗಂಜಿ ಕುಡಿಸಿ, ಅಕ್ಷರ ಕಲಿಸುವ ಕೆಲಸವು ಮೈಲಿಗೆಯ ಲೆಕ್ಕವಿಟ್ಟುಕೊಂಡು ಆಗುವಂತಹುದಲ್ಲ. ಕೆಲವೇ ವರ್ಷ ಮೊದಲು ಪುಣೆಯ ಸದನದಲ್ಲಿ ಆಚಾರಕ್ಕೆ ಭಂಗ ಬರದಂತೆ ಕಾಪಾಡಿಕೊಂಡು ಬಂದಿದ್ದ ವ್ಯವಸ್ಥೆಯನ್ನು ಯಾವ ಉಪನ್ಯಾಸವೂ ಮುರಿದಿರಲಿಲ್ಲ. ಈ ಶುಶ್ರೂಷೆಯು ಮುರಿಯಿತು. ಶ್ರೀನಿವಾಸನು ತಿರುಪತಿಯ ಕಾಡಿನಲ್ಲಿ ಹಸಿವೆಯ ಒತ್ತಾಯದಿಂದ ಬಿಟ್ಟ ಜಾತಿಯ ಅಭಿಮಾನವನ್ನು ಈ ಹೆಣ್ಣುಮಕ್ಕಳು ಇನ್ನೊಬ್ಬರ ಹಸಿವೆಯ ಮುಂದೆ ಬಿಡಬೇಕಾಯಿತು.

ಚೇತರಿಸಿಕೊಂಡವರು ಕಸುಬುಗಳನ್ನು ಹಿಡಿದರು. ನೂರಾರು ಜನರ ಅಡಿಗೆ, ಅದಕ್ಕೆ ಬೇಕಾದ ಜೋಳ ಗೋಧಿಗಳ ಬೀಸಾಟ ಇವೇ ದೊಡ್ಡ ಉದ್ಯೋಗ. ಜೊತೆಗೆ ಮಗ್ಗ, ಹೊಲಿಗೆ, ಒಗೆತ, ಹಾಲುಕರೆಯುವ ಕೊಟ್ಟಿಗೆ, ಎಣ್ಣೆಯ ಗಾಣ, ಪಾತ್ರೆಗೆ ಕಲಾಯಿ ಹಾಕುವುದು, ಹೊಲತೋಟಗಳ ಕೆಲಸ, ದಾದಿಯ ಕೆಲಸ. ಇವುಗಳಲ್ಲಿ ಕಲಾಯಿ, ಗಾಣಗಳಂತಹವು ಆಗ ಗಂಡಸರ ಕಸುಬುಗಳೆಂದೇ, ಅದರಲ್ಲಿಯೂ ನಿರ್ದಿಷ್ಟ ಜಾತಿಗಳ ಕಸುಬುಗಳೆಂದೇ ಎಣಿಕೆಯಾಗಿದ್ದವು. ಮುಕ್ತಿಯಲ್ಲಿ ಗಾಣ ಆಡಿಸುವವಳು ಗಾಣಿಗಳಲ್ಲ, ನೇಯುವವಳು ನೇಕಾರರವಳಾಗಬೇಕೆಂದಿಲ್ಲ. ಕಸುಬು ಮತ್ತು ಹುಟ್ಟು ಇವುಗಳ ನಡುವಣ ಗಂಟು ಅಲ್ಲಿ ಸಡಿಲಾಯಿತು. ಕುರುಡಿಯರಿಗೆ ಬ್ರೈಲ್ ಲಿಪಿಯನ್ನೂ ಬುಟ್ಟಿ ಹೆಣೆಯುವುದನ್ನೂ ಕಲಿಸಿದರು. ಈ ಭಾಗದಲ್ಲಿ ಮನೋರಮಾಬಾಯಿಯವರ ಶ್ರಮ ವಿಶೇಷವಾದುದು. ಸಮಾಜವು ಕೈಬಿಟ್ಟ ಹೆಂಗಸರಿಗೆ ಕೃಪಾಸದನ, ವೃದ್ಧೆಯರಿಗೂ ದುರ್ಬಲರಿಗೂ ಪ್ರೀತಿಸದನ ಎಂಬ ಪ್ರತ್ಯೇಕ ಮನೆಗಳಾದವು. ಕೃಪಾಸದನದ ಕಲ್ಪನೆಯ ಹಿಂದೆ ಫುಲಮ್ಮಿನಲ್ಲಿ ಕಂಡ ಮನೆಯ ನೆನಪು ಸ್ಪಷ್ಟವಾಗಿದೆ.

ರಮಾಬಾಯಿಯವರು ಹುಟ್ಟಿದ ಜಿಲ್ಲೆಯ ನೆರೆಯಲ್ಲಿಯೇ ಕ್ರೈಸ್ತಶ್ರದ್ಧೆಯು ದುಡಿಮೆಯೊಡನೆ ಇನ್ನೊಂದು ಬಗೆಯಲ್ಲಿ ಕೂಡಿಕೊಂಡಿತ್ತೆಂಬುದನ್ನು ಇಲ್ಲಿ ನೆನೆಯುವುದು ಉಚಿತ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ನಿನವರು ಬಹುಮಟ್ಟಿಗೆ ವುರ್ಟೆಂಬರ್ಗಿನ ರೈತರ, ಕಸಬುದಾರರ ಮಕ್ಕಳು. ದಿನದ ಕೆಲಸವು ದೇವರ ಕರೆ ಎಂಬ ಲೂಥರನ ಬೋಧೆಯಲ್ಲಿ ಬೆಳೆದವರು. ಮತಾಂತರ ಹೊಂದಿದ ಬಿಲ್ಲವರು ಹೆಂಡವಿಳಿಸುವ ಕುಲಕಸುಬನ್ನು ಬಿಡಬೇಕಾಗಿ ಬಂದು, ಬಂಧುಗಳಿಂದಲೂ ದೂರವಾಗಿ ನಿರ್ಗತಿಕರಾದಾಗ, ಅವರಿಗೆ ಅನ್ನದ ದಾರಿಯಾಗಿ ನೇಯ್ಗೆಯ ಮನೆಗಳೂ, 1865ರಲ್ಲಿ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆಯೂ ಹುಟ್ಟಿದವು. ಪುಣೆ ಪ್ರಾಂತದ ಹಳೆಯ ಮನೆಗಳ ಮೇಲೆ ಇಂದಿಗೂ ಕಾಣುವ, ಮರಾಠಿಗರು ಮಂಗಳೂರೀ ಕೌಲ ಎಂದು ಕರೆಯುವ ಹೆಂಚಿನ ವಂಶವು ಅಲ್ಲಿಂದ ಹೊರಟದ್ದು. ಆದರೆ ಮಂಗಳೂರಿನದು ಕಾರ್ಖಾನೆ. ಕೂಲಿ, ಮಾರುಕಟ್ಟೆ, ಬಾಸೆಲ್ಲಿನ ವ್ಯಾಪಾರಸಂಘದ ಲಾಭನಷ್ಟ ಇವುಗಳ ಒತ್ತಡದಲ್ಲಿ ನಡೆದದ್ದು. 1914ರ ಮಹಾಯುದ್ಧ ಬಂದೊಡನೆ ಜರ್ಮನರ ಸಂಬಂಧದ ದೆಸೆಯಿಂದ ಅದು ಮಿಶನ್ನಿನ ಕೈತಪ್ಪಿ ಹೋಯಿತು. ಕೇಡಗಾಂವದ ಕೆಲಸವು ಪೇಟೆಗೆ ಮುಖಮಾಡಿದ್ದಲ್ಲ, ತನ್ನದೇ ಊರಿನ ಹೊಟ್ಟೆ ಬಟ್ಟೆಗಳಿಗೆ ಮಾಡಿಕೊಂಡದ್ದು; ಅದರ ಒಡತಿಯೂ ಈ ನೆಲದವಳೇ. ಕೈಗಾರಿಕೆಯ ಇತಿಹಾಸದಲ್ಲಿ ಮಂಗಳೂರಿಗೆ ಇರುವ ಸ್ಥಾನ ಕೇಡಗಾಂವಕ್ಕಿಲ್ಲ. ಆದರೆ ಹೆಂಗಸಿನ ಮನೆಗೆಲಸವೆಂಬ, ಕೂಲಿಯ ಲೆಕ್ಕಕ್ಕೂ ಸಿಗದ ದುಡಿಮೆಗೆ ಅರ್ಥವನ್ನು ಹುಡುಕಿದ ಕೀರ್ತಿ ಕೇಡಗಾಂವದ್ದು.

ಕನ್ನಡ ವಾಚಕರಿಗೆ ಈ ಸಂದರ್ಭದಲ್ಲಿ ಹನ್ನೆರಡನೆಯ ಶತಮಾನದ ಶರಣರ ಕಾಯಕತತ್ತ್ವವು ನೆನಪಿಗೆ ಬರುವುದು ಸಹಜವಾಗಿದೆ. ಆಯ್ದಕ್ಕಿ ಮಾರಯ್ಯನು ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ ಅದನ್ನು ತಿರುಗಿ ಸುರಿದು ಬರುವಂತೆ ಹೇಳಿದ ಲಕ್ಕಮ್ಮನು ಮುಕ್ತಿಯ ಅಂಗಳದಲ್ಲಿ ಪರಕೀಯಳೆನಿಸುತ್ತಿರಲಿಲ್ಲ. ಸಾಮ್ಯವು ನಿಜ, ಅದರಿಂದ ಋಣಸಂಬಂಧವನ್ನು ಕಲ್ಪಿಸುವುದು ಮಾತ್ರ ತಕ್ಕುದಲ್ಲ. ಒಂದು ಭೇದವನ್ನೂ ಗಮನಿಸಬೇಕು. ಶರಣರ ಕಾಯಕದಲ್ಲಿ ಕಸುಬುದಾರನು ಈಗಾಗಲೇ ತನ್ನ ಕಸುಬನ್ನು ಬಲ್ಲವನು. ಅದರಲ್ಲಿಯೇ ಶಿವನನ್ನು ಕಾಣುತ್ತಾನೆ. ರಮಾಬಾಯಿಯವರ ಮುಂದೆ ಇದ್ದವರಲ್ಲಿ ಕೆಲವರು ಕಸುಬೇ ಇಲ್ಲದವರು, ಕೆಲವರು ತಮ್ಮ ದುಡಿಮೆಯನ್ನು ಶಾಪವೆಂದು ನಂಬಿಸಲ್ಪಟ್ಟವರು. ಅವರಿಗೆ ಮೊದಲು ಕಸುಬನ್ನು ಕೊಡಬೇಕಾಗಿತ್ತು, ಇಲ್ಲವೆ ಶಾಪವನ್ನು ತೆಗೆಯಬೇಕಾಗಿತ್ತು.

ಮುಕ್ತಿಯ ಜೀವನವನ್ನು ಚಿನ್ನದ ಚೌಕಟ್ಟಿನಲ್ಲಿ ಕೂಡಿಸುವ ಅಗತ್ಯವಿಲ್ಲ. ಸಾವಿರಾರು ಜನರ ವಸತಿಯಲ್ಲಿ ಶಿಸ್ತು ಬಿಗಿಯಾಗಿಯೇ ಇತ್ತು. ಕಡೆಯ ಮಾತು ರಮಾಬಾಯಿಯವರದೇ. ಕ್ಷಾಮದಿಂದ ಉಳಿದು ಬಂದ ಎಂಟು 10 ವರ್ಷದ ಹುಡುಗಿಗೆ ಅನ್ನ ಕೊಟ್ಟ ಕೈಯ ಮತವನ್ನು ಒಪ್ಪುವುದೋ ಬಿಡುವುದೋ ಎಂಬ ಆಯ್ಕೆ ಎಷ್ಟರಮಟ್ಟಿಗೆ ಇದ್ದೀತು? ಈ ಆಕ್ಷೇಪಕ್ಕೆ ಪೂರ್ಣ ಸಮಾಧಾನವನ್ನು ಹೇಳುವುದು ಕಷ್ಟ. 1905ರಲ್ಲಿ ಅಲ್ಲಿ ಎದ್ದ ಧಾರ್ಮಿಕ ಉತ್ಸಾಹದ ಅಲೆಯನ್ನು ಕಂಡು ಕೆಲವು ಮಿಶನರಿಗಳೇ ಹುಬ್ಬುಗಂಟಿಕ್ಕಿದ್ದರು. ಇನ್ನೊಂದು ಕಡೆ, ರಾಷ್ಟ್ರೀಯ ಚರಿತ್ರೆಯು ಮತಾಂತರದ ಕಾರಣದಿಂದಲೇ ಆಕೆಯನ್ನು ಬಹುಕಾಲ ಮರೆಯಲ್ಲಿಟ್ಟಿತೆಂಬುದೂ ಅಷ್ಟೇ ನಿಜ. ಉಮಾ ಚಕ್ರವರ್ತಿಯವರ 1998ರ ಗ್ರಂಥವೂ, ಮೀರಾ ಕೋಸಂಬಿಯವರ ಅನುವಾದಗಳೂ ಈ ಮರವೆಯನ್ನು ಬಹುಮಟ್ಟಿಗೆ ಸರಿಪಡಿಸಿವೆ.

ಮುಕ್ತಿಯ ಕಸುಬುಗಳಲ್ಲಿ ಒಂದನ್ನು ಬೇರೆಯಾಗಿಯೇ ಹೇಳಬೇಕು, ಅದು ಅಚ್ಚುಕೂಟ. ಆಗ ಬಳಕೆಯಲ್ಲಿದ್ದ ಮರಾಠಿ ಬೈಬಲ್ಲಿನ ಭಾಷೆಯು ಸಂಸ್ಕೃತಭೂಯಿಷ್ಠವಾಗಿ ಹಳ್ಳಿಯ ಹೆಂಗಸರಿಗೆ ನಿಲುಕದೆಂದು ರಮಾಬಾಯಿಯವರಿಗೆ ತೋರಿತು. ಸಂಸ್ಕೃತದಲ್ಲಿ ಪಂಡಿತಾ ಬಿರುದನ್ನು ಪಡೆದವರು, ಸಂಸ್ಕೃತವನ್ನು ಕಳಚಿದ ಮರಾಠಿಯೊಂದನ್ನು ರೂಪಿಸಲು ಕುಳಿತರು. ನಡುವಯಸ್ಸು ದಾಟಿದ ಮೇಲೆ ಹೀಬ್ರೂ, ಗ್ರೀಕ್ ಭಾಷೆಗಳನ್ನು ಕಲಿತರು. ಸುಮಾರು 18 ವರ್ಷಗಳ ಕಾಲ ಈ ಅನುವಾದ ನಡೆಯಿತು. ಅದರ ಮೊಳೆಗಳನ್ನು ಜೋಡಿಸಿದವರು, ಅಚ್ಚುಹಾಕಿದವರು, ಹಾಳೆ ಮಡಿಸಿ ಹೊಲಿದವರು ಮುಕ್ತಿಯ ಹೆಣ್ಣುಮಕ್ಕಳು. ಅವರಲ್ಲಿ ಎಷ್ಟೋ ಮಂದಿ ಅಲ್ಲಿಗೆ ಬಂದಾಗ ಒಂದಕ್ಷರವನ್ನೂ ಅರಿಯದವರು. ಅನುವಾದವು ಸುಲಭವಾಗಿರಬೇಕೆಂದು ಆಕೆ ಯಾರಿಗಾಗಿ ಬಯಸಿದರೋ ಅಂಥವರೇ ಮೊಳೆ ಜೋಡಿಸುತ್ತ ಅದರ ಮೊದಲ ಓದುಗರೂ ಆದರು.

ಕೊನೆಯ ವರ್ಷಗಳಲ್ಲಿ ದುಃಖವು ತಪ್ಪಲಿಲ್ಲ. ಉತ್ತರಾಧಿಕಾರಿಣಿಯೆಂದು ನೆಚ್ಚಿಕೊಂಡಿದ್ದ ಮನೋರಮಾಬಾಯಿಯವರು 1921ರಲ್ಲಿ, ತಾಯಿಗಿಂತ ಮೊದಲೇ, ತೀರಿಕೊಂಡರು. ಶಾರದಾ ಸದನದ ಮೇಲ್ವಿಚಾರಣೆ, ಕುರುಡಿಯರ ಶಾಲೆ, ಆಗ ನಿಜಾಮರ ಆಳಿಕೆಗೆ ಒಳಪಟ್ಟಿದ್ದ ಕಲಬುರ್ಗಿಯಲ್ಲಿ ಹೆಣ್ಣುಮಕ್ಕಳ ಶಾಲೆ, ಇಷ್ಟನ್ನು ನಲವತ್ತು ವರ್ಷಗಳ ಆಯುಷ್ಯದಲ್ಲಿ ಆಕೆ ಹೊತ್ತಿದ್ದರು. ಕಲಬುರ್ಗಿಯ ಆ ಪ್ರಯತ್ನದಿಂದ ಡೋಂಗ್ರೆ ಮನೆತನದ ವಿದ್ಯೆಯು, ಬೆತ್ತದ ಪೆಟ್ಟಿಗೆಯಲ್ಲಿ ಗಂಗಾಮೂಲವನ್ನು ಬಿಟ್ಟ ಅರ್ಧ ಶತಮಾನದ ಮೇಲೆ, ಕನ್ನಡದ ಹುಡುಗಿಯರ ಬಳಿಗೆ ಹಿಂದಿರುಗಿತು.

ಮಗಳು ಹೋದ ಮೇಲೆಯೂ ತಾಯಿಯು ಕರಡಚ್ಚುಗಳನ್ನು ತಿದ್ದುವುದನ್ನು ನಿಲ್ಲಿಸಲಿಲ್ಲ. 1922ರ ಏಪ್ರಿಲ್ 5ರಂದು ರಮಾಬಾಯಿಯವರು ಕೇಡಗಾಂವದಲ್ಲಿ ನಿಧನ ಹೊಂದಿದರು. ಅನುವಾದವು ಅಷ್ಟರಲ್ಲಿ ಮುಗಿದಿತ್ತು, ಮುದ್ರಣದ ಕೆಲಸ ಉಳಿದಿತ್ತು. ಅಚ್ಚುಕೂಟದ ಹೆಂಗಸರು ಅದನ್ನು ಮುಂದುವರಿಸಿ 1924ರಲ್ಲಿ ಪೂರ್ಣ ಗ್ರಂಥವನ್ನು ಹೊರತಂದರು.